ಹಳೆಯ ಲಿನ್‌ಡ್ರಮ್‌ನಲ್ಲಿ ಅಂಥದ್ದೇನಿದೆ?

ಫೋನ್‌ನಲ್ಲೇ ಬೇಕಾದಷ್ಟು ಡ್ರಮ್ ಸದ್ದು ಸಿಗುವಾಗ 1982ರ ಲಿನ್‌ಡ್ರಮ್ ಎಂಬ ಡ್ರಮ್ ಯಂತ್ರವನ್ನು ಜನ ಇನ್ನೂ ಯಾಕೆ ಹುಡುಕುತ್ತಾರೆ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ, ಸದ್ದಿಗಿಂತ ಜಾಸ್ತಿ ಅದರ ಲಯದ ನಡೆಗಾಗಿ.

ಸದ್ದಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ರೋಜರ್ ಲಿನ್ 1980ರಲ್ಲಿ, ಲಿನ್‌ಡ್ರಮ್‌ಗೂ ಮುಂಚೆ, ಎಲ್‌ಎಂ-1 ಎಂಬ ಡ್ರಮ್ ಯಂತ್ರ ತಂದರು. ಅದೇ ವರ್ಷದ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ ಸರ್ಕ್ಯೂಟಿನಿಂದಲೇ ಸದ್ದು ಹುಟ್ಟಿಸುತ್ತಿತ್ತು. ಲಿನ್ ನಿಜವಾದ ಡ್ರಮ್ ರೆಕಾರ್ಡ್ ಮಾಡಿ, 8 ಬಿಟ್ ಅಂಕಿಗಳಾಗಿ ಮೆಮೊರಿ ಚಿಪ್‌ಗೆ ತುಂಬಿದರು. ಆಗ ಮೆಮೊರಿ ವಿಪರೀತ ದುಬಾರಿ. ಸಿಂಬಲ್ (ಡ್ರಮ್ ಸೆಟ್‌ನ ಲೋಹದ ತಟ್ಟೆ) ಬಾರಿಸಿದರೆ ಅದರ ನಾದ ಸೆಕೆಂಡುಗಟ್ಟಲೆ ನಿಲ್ಲುತ್ತದೆ, ಅಷ್ಟಕ್ಕೆ ಚಿಪ್ ಎಲ್ಲಿಂದ ತರೋದು? ಹಾಗಾಗಿ ಸುಮಾರು 5,000 ಡಾಲರಿನ ಎಲ್‌ಎಂ-1ರಲ್ಲಿ ಕ್ರ್ಯಾಶ್, ರೈಡ್ ಎಂಬ ಎರಡು ಬಗೆಯ ಸಿಂಬಲ್‌ಗಳೂ ಇರಲಿಲ್ಲ. ಲಿನ್‌ಡ್ರಮ್ ಸುಮಾರು 3,000 ಡಾಲರಿಗೆ ಎರಡನ್ನೂ ಸೇರಿಸಿ ಒಟ್ಟು 15 ಸದ್ದು ಕೊಟ್ಟಿತು. ಆದರೆ ಎಲ್‌ಎಂ-1ರಲ್ಲಿದ್ದಂತೆ ಎಲ್ಲ ಸದ್ದಿನ ಶ್ರುತಿಯನ್ನೂ ಬದಲಿಸಲು ಬಿಡಲಿಲ್ಲ. ನನಗಂತೂ ಇದು ದೊಡ್ಡ ನಷ್ಟ. ಶ್ರುತಿ ಇಳಿಸುವುದೆಂದರೆ ಚಿಪ್‌ನಲ್ಲಿರುವುದನ್ನು ನಿಧಾನವಾಗಿ ಓದುವುದು. ಸದ್ದು ಕೆಳಗಿಳಿಯುತ್ತಲೇ ಉದ್ದವಾಗುತ್ತದೆ, ಒರಟಾಗುತ್ತದೆ. ಅಮೆರಿಕದ ಪಾಪ್ ಗಾಯಕ ಪ್ರಿನ್ಸ್ ಎಲ್‌ಎಂ-1ರ ಸೈಡ್‌ಸ್ಟಿಕ್ (ಡ್ರಮ್ಮಿನ ಅಂಚಿಗೆ ಕೋಲು ಬಡಿದ ಸದ್ದು) ಅನ್ನು ಹೀಗೆ ಇಳಿಸಿಯೇ ಬಾಗಿಲು ಬಡಿದಂಥ ಆ ಸದ್ದು ಪಡೆದದ್ದು.

ಇನ್ನು ನಡೆ. ಗುಂಡಿ ಒತ್ತಿ ಬಾರಿಸಿದ ಪೆಟ್ಟು ಆಚೀಚೆ ಆದರೆ ಯಂತ್ರ ಅದನ್ನು ಹತ್ತಿರದ ಸರಿಯಾದ ಜಾಗಕ್ಕೆ ಕೂರಿಸುತ್ತದೆ. ಅಷ್ಟೇ ಆಗಿದ್ದರೆ ಎಲ್ಲವೂ ಗಡಿಯಾರದ ಟಿಕ್‌ಟಿಕ್ ಆಗುತ್ತಿತ್ತು. ಶಫಲ್ ಇರುವುದು ಅದಕ್ಕೇ. ಒಂದು ಬೀಟ್‌ನ ನಾಲ್ಕು ಭಾಗಗಳನ್ನು ಎರಡೆರಡಾಗಿ ಜೋಡಿಸಿ, ಪ್ರತಿ ಜೋಡಿಯ ಎರಡನೆಯದನ್ನು ಸ್ವಲ್ಪ ತಡ ಮಾಡುತ್ತದೆ. ಜೋಡಿಯ ಒಟ್ಟು ಕಾಲದಲ್ಲಿ ಮೊದಲನೆಯದಕ್ಕೆ ಸಿಗುವ ಪಾಲನ್ನು ಶೇಕಡಾದಲ್ಲಿ ಹೇಳುತ್ತಾರೆ. ಶೇ. 50 ಅಂದರೆ ನೇರ. ಆಮೇಲೆ 54, 58, 62, 66, 70. 66ಕ್ಕೆ ಬಂದರೆ ತಿಶ್ರ (ಮೂರರ) ನಡೆ, 'ತಕಿಟ'ದಲ್ಲಿ 'ಕಿ' ನುಂಗಿ ಬರೀ 'ತ', 'ಟ' ಹೇಳಿದ ಹಾಗೆ. ಆದರೆ ನಿಜವಾದ ಸೊಗಸು ಇರುವುದು 54, 58ರಲ್ಲಿ. ಅತ್ತ ಚತುರಶ್ರವೂ (ನಾಲ್ಕರ ನಡೆ) ಅಲ್ಲ, ಇತ್ತ ತಿಶ್ರವೂ ಅಲ್ಲ. ನಿಮಿಷಕ್ಕೆ 100 ಬೀಟ್ ವೇಗದಲ್ಲಿ 54 ಇಟ್ಟರೆ ತಡವಾಗುವುದು ಸೆಕೆಂಡಿನ ಸಾವಿರದಲ್ಲಿ 12 ಭಾಗ ಮಾತ್ರ! ಕಿವಿಗೆ ತಡ ಅನ್ನಿಸುವುದೇ ಇಲ್ಲ, ಕಾಲು ಮಾತ್ರ ಸುಮ್ನೆ ಇರುವುದಿಲ್ಲ. ಲಿನ್ ಇದನ್ನೇ ಮುಂದೆ 1988ರ ಅಕಾಯ್ ಕಂಪನಿಯ ಎಂಪಿಸಿ60 ಎಂಬ ಯಂತ್ರಕ್ಕೂ ಒಯ್ದರು. ಹಿಪ್‌ಹಾಪ್ ಕೇಳುವವರಿಗೆ ಆ ನಡೆ ಚೆನ್ನಾಗಿ ಗೊತ್ತು, ಅಲ್ವಾ?

ಇನ್ನೊಂದು ಅನುಕೂಲ, ಸದ್ದುಗಳಿಗೆ ಬೇರೆ ಬೇರೆ ಸ್ಲೈಡರ್, ಬೇರೆ ಬೇರೆ ಔಟ್‌ಪುಟ್. ಸ್ನೇರ್ ಡ್ರಮ್ಮಿಗೆ ಮಾತ್ರ ರಿವರ್ಬ್ (ಕೋಣೆಯ ಅನುರಣನ) ಬೇಕೆಂದರೆ ಕಷ್ಟವೇ ಇಲ್ಲ. ಚಿಪ್ ಕಿತ್ತು ಬೇರೆ ಸದ್ದಿನ ಚಿಪ್ ಹಾಕಲೂಬಹುದು.

ನಿಮಗೆ ಸದ್ದಷ್ಟೇ ಸಾಕಾದರೆ ಯಂತ್ರ ಕೊಳ್ಳಬೇಡಿ. ಲಿನ್‌ಡ್ರಮ್ ಸ್ಯಾಂಪಲ್‌ಗಳನ್ನು (ರೆಕಾರ್ಡ್ ಮಾಡಿದ ಸದ್ದುಗಳನ್ನು) ನಿಮ್ಮ ಸಾಫ್ಟ್‌ವೇರ್‌ಗೆ ಹಾಕಿ, ಸ್ವಿಂಗ್, ಅಂದರೆ ಶಫಲ್ ಅನ್ನು 54ರಿಂದ ಶುರು ಮಾಡಿ. ಕೊಳ್ಳಲೇಬೇಕು ಅಂತಿದ್ದರೆ ಒಳಗಿನ ಬ್ಯಾಟರಿ ಸೋರಿದೆಯಾ ಅಂತ ಬಿಚ್ಚಿ ನೋಡಿ. ಮೂಲ ಯಂತ್ರಕ್ಕೆ ಮಿಡಿ (ಬೇರೆ ವಾದ್ಯ, ಕಂಪ್ಯೂಟರ್ ಜೊತೆ ಜೋಡಿಸುವ ವ್ಯವಸ್ಥೆ) ಇರಲಿಲ್ಲ, ಆಮೇಲೆ ಹಾಕಿಸಿದ್ದಾರಾ ಅಂತಲೂ ಕೇಳಿ.