ಡಾಕ್ಟರ್ ಮೂರು ತಿಂಗಳ ಕೀಮೋ ಸಾಕು ಅಂತಾರೆ. ಧೈರ್ಯಕ್ಕೆ ಆರು ತಿಂಗಳು ಕೇಳಿ ತೆಗೆದುಕೊಳ್ಳಲೇ?

ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ, ಆಪರೇಷನ್ ಆಗಿದೆ, ಮೂರು ತಿಂಗಳ ಕೇಪಾಕ್ಸ್ ಕೀಮೋ ಅಂದರೆ ಮನಸ್ಸು ಒಪ್ಪುತ್ತಿಲ್ಲ ಅಂತ ಬರೆದಿದ್ದೀರಿ. ನನ್ನದೂ ಅಕ್ಷರಶಃ ಇದೇ ಪರಿಸ್ಥಿತಿ ಆಗಿತ್ತು. ನಾನು ಹಟ ಹಿಡಿದು ಆರು ತಿಂಗಳು ತೆಗೆದುಕೊಂಡೆ.

ನನ್ನ ರಿಪೋರ್ಟಿನಲ್ಲಿ ಟಿ3 ಎನ್1 ಅಂತ ಇತ್ತು. ಅಂದರೆ ಗಡ್ಡೆ ಕರುಳಿನ ಸ್ನಾಯು ಪದರ ದಾಟಿತ್ತು, ಎರಡು ಲಿಂಫ್ ಗಂಟುಗಳಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ಸರ್ಜನ್ ಎಲ್ಲ ತೆಗೆದಿದ್ದೇವೆ ಅಂದರು. ಕೀಮೋ ಡಾಕ್ಟರ್ ನಾಲ್ಕು ಸೈಕಲ್, ಅಂದರೆ ಮೂರು ತಿಂಗಳು, ಸಾಕು ಅಂದರು. ನನ್ನ ಕಿವಿಗೆ ಅದು "ನಿನಗೆ ಅರ್ಧ ಚಿಕಿತ್ಸೆ" ಅಂತ ಕೇಳಿಸಿತು. ಎಂಟು ಸೈಕಲ್ ಬೇಕು ಅಂದೆ. ಅವರು ಕೈಕಾಲಿನ ನರಗಳ ಬಗ್ಗೆ ಎಚ್ಚರಿಸಿದರು, ನಾನು ಪಟ್ಟು ಬಿಡಲಿಲ್ಲ, ಕೊನೆಗೆ ಒಪ್ಪಿದರು.

ಆದರೆ ನಾನು ಮಾಡಿದ ದೊಡ್ಡ ತಪ್ಪು ಅದಲ್ಲ. ಕೈಕಾಲಿನ ಜೋಮನ್ನು ಡಾಕ್ಟರಿಂದ ಮುಚ್ಚಿಟ್ಟಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಯಾರಿಗೂ ಮೊದಲೇ ಅರ್ಥವಾಗಲ್ಲ. ಕೇಪಾಕ್ಸ್‌ನಲ್ಲಿ ಎರಡು ಔಷಧ. ಮೂರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಆಕ್ಸಾಲಿಪ್ಲಾಟಿನ್, ಜೊತೆಗೆ ಎರಡು ವಾರ ನುಂಗುವ ಕ್ಯಾಪೆಸಿಟಾಬಿನ್ ಮಾತ್ರೆ. ಡ್ರಿಪ್ ಆದ ಮೊದಲ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳು ಚುಚ್ಚುತ್ತದೆ, ತಣ್ಣಗಿದ್ದದ್ದು ಕುಡಿದರೆ ಗಂಟಲು ಹಿಡಿದ ಹಾಗಾಗುತ್ತದೆ. ಅದು ಹೆಚ್ಚು ಕಡಿಮೆ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಗಮನಿಸಬೇಕಾದ್ದು ಬೇರೆ: ಮುಂದಿನ ಡ್ರಿಪ್ ಬರುವ ಹೊತ್ತಿಗೂ ಹೋಗದೆ ಉಳಿಯುವ ಜೋಮು.

ನನಗೆ ಅರ್ಧ ದಾರಿ ದಾಟಿದ ಮೇಲೆ ಅದು ಉಳಿಯತೊಡಗಿತು. ಪ್ರತಿ ಸೈಕಲ್‌ಗೆ ಮುಂಚೆ ಕೇಳುತ್ತಿದ್ದರು, ಗುಂಡಿ ಹಾಕಲು ಕಷ್ಟ ಆಗುತ್ತಾ, ಜೋಮು ಪೂರ್ತಿ ಹೋಗುತ್ತಾ ಅಂತ. ಹೋಗುತ್ತೆ ಅಂತಿದ್ದೆ. ಆಸ್ಪತ್ರೆಗೆ ಹೋಗುವ ದಿನ ಗುಂಡಿ ಇಲ್ಲದ ಟೀ ಶರ್ಟ್ ಹಾಕುತ್ತಿದ್ದೆ! ನಿಜ ಹೇಳಿದರೆ ಡೋಸ್ ಇಳಿಸುತ್ತಾರೆ, ಡೋಸ್ ಇಳಿದರೆ ಕ್ಯಾನ್ಸರ್ ಗೆಲ್ಲುತ್ತೆ ಅನ್ನೋ ಲೆಕ್ಕ ನನ್ನದು. ಬಿಳಿ ರಕ್ತಕಣ ಕಡಿಮೆಯಾದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪ್ಲೇಟ್‌ಲೆಟ್ ಇಳಿದರೂ ಗೊತ್ತಾಗುತ್ತದೆ. ಜೋಮು ಯಾವ ರಕ್ತ ಪರೀಕ್ಷೆಯಲ್ಲೂ ಕಾಣಲ್ಲ. ಅಲ್ಲಿ ಡಾಕ್ಟರ್ ನಂಬುವುದು ನಮ್ಮ ಬಾಯಿಮಾತನ್ನು. ನಾನು ನಿಜ ಹೇಳಿದ್ದರೆ ಆಕ್ಸಾಲಿಪ್ಲಾಟಿನ್ ಕಡಿಮೆ ಮಾಡುತ್ತಿದ್ದರು, ಇಲ್ಲವೇ ನಿಲ್ಲಿಸಿ ಮಾತ್ರೆಯನ್ನಷ್ಟೇ ಮುಂದುವರಿಸುತ್ತಿದ್ದರು. ಅದು ಎಲ್ಲ ಕಡೆ ಮಾಡುವ ಕ್ರಮವೇ, ಸೋಲಲ್ಲ.

ಕೀಮೋ ಮುಗಿದರೆ ಸರಿಹೋಗುತ್ತೆ ಅಂದುಕೊಂಡಿದ್ದೆ. ಮುಗಿದ ಮೇಲೆ ಕೆಲವು ತಿಂಗಳು ಇನ್ನೂ ಜಾಸ್ತಿಯಾಯಿತು. ಈ ಔಷಧ ಬೆನ್ನುಹುರಿಯ ಪಕ್ಕದ ನರಕೋಶಗಳಲ್ಲಿ ಸೇರಿಕೊಳ್ಳುತ್ತದೆ, ಹಾಗಾಗಿ ಸಾಲ ತೀರಿಸಿದ ಮೇಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಈಗಲೂ ಚಪ್ಪಲಿ ಕಾಲಿಂದ ಜಾರಿದ್ದು ನನಗೆ ತಿಳಿಯುವುದಿಲ್ಲ. ಉರಿಗೆ ಡುಲೊಕ್ಸೆಟಿನ್ ಅನ್ನೋ ಮಾತ್ರೆ ಸ್ವಲ್ಪ ಸಹಾಯ ಮಾಡಿತು. ಸತ್ತ ಸ್ಪರ್ಶವನ್ನು ಅದು ತಂದುಕೊಡಲಿಲ್ಲ.

ಇಷ್ಟೆಲ್ಲ ಆದಮೇಲೆ ನಾನು ಕೂತು ಓದಿದ್ದು ಐಡಿಯಾ ಅನ್ನೋ ಅಧ್ಯಯನ. ಮೊದಲೇ ಓದಬೇಕಿತ್ತು. 2018ರಲ್ಲಿ ಬಂತು. ಆರು ಪ್ರಯೋಗಗಳ 12,834 ರೋಗಿಗಳ ಲೆಕ್ಕ, ಎಲ್ಲರೂ ಆಪರೇಷನ್ ಆದ ಮೂರನೇ ಹಂತದವರು. ಟಿ1ರಿಂದ ಟಿ3, ಎನ್1 (ಒಂದರಿಂದ ಮೂರು ಗಂಟುಗಳಲ್ಲಿ ಕ್ಯಾನ್ಸರ್) ಗುಂಪಿನಲ್ಲಿ ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಬದುಕಿದ್ದವರು ಮೂರು ತಿಂಗಳಿನವರಲ್ಲಿ 83.1%, ಆರು ತಿಂಗಳಿನವರಲ್ಲಿ 83.3%. ಅಷ್ಟೇ ವ್ಯತ್ಯಾಸ! ನರದ ತೊಂದರೆ ಮಾತ್ರ ಹಾಗಿಲ್ಲ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ಅಥವಾ ಅದಕ್ಕಿಂತ ಹೆಚ್ಚು ಜೋಮು ಬಂದವರು ಕೇಪಾಕ್ಸ್ ಮೂರು ತಿಂಗಳಲ್ಲಿ ಸುಮಾರು 15%, ಆರು ತಿಂಗಳಲ್ಲಿ ಸುಮಾರು 45%.

ಹಾಗಾಗಿ "ಧೈರ್ಯಕ್ಕೆ ಆರು ತಿಂಗಳು" ಅನ್ನೋ ನಿಮ್ಮ ಮಾತೇ ನನಗೆ ಸರಿ ಕಾಣಲ್ಲ. ನಿಮ್ಮ ಡಾಕ್ಟರ್ ನಿಮಗೆ ಕಡಿಮೆ ಕೊಡುತ್ತಿಲ್ಲ. ಕೇಳುವುದಾದರೆ ಇದನ್ನು ಕೇಳಿ: ನನ್ನ ಟಿ ಎಷ್ಟು, ಎನ್ ಎಷ್ಟು, ಎಷ್ಟು ಗಂಟು ಪರೀಕ್ಷೆ ಮಾಡಿದ್ದೀರಿ? ಕನಿಷ್ಠ 12 ನೋಡಿರಬೇಕು, ಕಡಿಮೆ ನೋಡಿದ್ದರೆ ಹಂತದ ಲೆಕ್ಕವೇ ಅಷ್ಟು ಗಟ್ಟಿಯಲ್ಲ. ಟಿ4 (ಗಡ್ಡೆ ಕರುಳಿನ ಹೊರಪದರವನ್ನೂ ದಾಟಿದೆ) ಅಥವಾ ಎನ್2 (ನಾಲ್ಕು ಅಥವಾ ಹೆಚ್ಚು ಗಂಟುಗಳಲ್ಲಿ ಕ್ಯಾನ್ಸರ್) ಇದ್ದರೆ ನನ್ನ ಕಥೆ ನಿಮಗೆ ಹೊಂದಲ್ಲ, ಅಲ್ಲಿ ಆರು ತಿಂಗಳಿಗೆ ಅರ್ಥವಿದೆ. ಕೇಪಾಕ್ಸ್ ಬದಲು ಫಾಲ್‌ಫಾಕ್ಸ್ (ಆಕ್ಸಾಲಿಪ್ಲಾಟಿನ್ ಇರುವ ಇನ್ನೊಂದು ಕೀಮೋ) ಕೊಡುತ್ತಿದ್ದರೂ ಅಷ್ಟೆ, ಮೂರು ತಿಂಗಳ ವಾದ ಅದಕ್ಕೆ ಅಷ್ಟು ಚೆನ್ನಾಗಿ ನಿಲ್ಲಲ್ಲ. ಗುದನಾಳದ ಕ್ಯಾನ್ಸರಿನ ದಾರಿಯೇ ಬೇರೆ, ಅದನ್ನು ಇಲ್ಲಿ ಬೆರೆಸಬೇಡಿ.

ಗಡ್ಡೆ ತೆಗೆದ ಮೇಲೆ ಕೀಮೋನೇ ಯಾಕೆ ಅಂತ ನಿಮ್ಮ ಅಣ್ಣ ಕೇಳುತ್ತಿದ್ದಾರೆ ಅಂದಿರಲ್ಲ, ಅವರಿಗೆ ಹೇಳಿ: ಸರ್ಜನ್ ಕಣ್ಣಿಗೂ ಸ್ಕ್ಯಾನಿಗೂ ಸಿಗದ ಕೋಶಗಳಿಗೆ ಅದು. ಮೂರನೇ ಹಂತದಲ್ಲಿ ಆಪರೇಷನ್ ನಂತರದ ಕೀಮೋ ಜೀವ ಉಳಿಸುತ್ತದೆ ಅಂತ 1990ರಲ್ಲೇ ದೊಡ್ಡ ಪ್ರಯೋಗದಲ್ಲಿ ಗೊತ್ತಾಗಿದೆ. ಅದನ್ನು ಬಿಡುವ ಮಾತೇ ಬೇಡ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಾಯ ಪೂರ್ತಿ ಮಾಗಲಿ, ಆಮೇಲೆ ನೋಡೋಣ ಅಂತ ಬರೆದಿದ್ದೀರಿ. ಸಾಮಾನ್ಯವಾಗಿ ಆಪರೇಷನ್ ಆಗಿ ಆರರಿಂದ ಎಂಟು ವಾರದೊಳಗೆ ಶುರು ಮಾಡುತ್ತಾರೆ. ಶುರು ಮಾಡುವುದು ತಡವಾದಷ್ಟೂ ಬದುಕುಳಿಯುವ ಸಾಧ್ಯತೆ ಇಳಿಯುತ್ತದೆ ಅಂತ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಕಂಡಿದೆ. ಮೂರೋ ಆರೋ ಅಂತ ತಲೆ ಕೆಡಿಸಿಕೊಳ್ಳುತ್ತಾ ಸುಮ್ನೆ ವಾರ ಕಳೆಯಬೇಡಿ. ಗಾಯ ತೋರಿಸಿ, ಶುರು ಮಾಡುವ ತಾರೀಖು ಯಾವತ್ತು ಅಂತ ಈ ವಾರವೇ ಕೇಳಿಕೊಂಡು ಬನ್ನಿ.