ಗಂಡ-ಹೆಂಡಿರ ಜಗಳದ ಕರೆ: ನಿಮ್ಮ ತಮ್ಮನ ಬಗ್ಗೆ ಕೇಳಿದ್ದಕ್ಕೆ

ಚಿತ್ರದುರ್ಗದಲ್ಲಿ ಪೊಲೀಸರ 112 ತುರ್ತು ಕರೆ ವಾಹನದ ಕರ್ತವ್ಯಕ್ಕೆ ಹೊಸದಾಗಿ ಸೇರಿರುವ ನಿಮ್ಮ ತಮ್ಮ, ಗಂಡ-ಹೆಂಡಿರ ಜಗಳದ ಕರೆಗೆ ಹೋಗುವಾಗ ಕಳ್ಳತನದ ಕರೆಯಷ್ಟೇ ಎಚ್ಚರ ವಹಿಸಬೇಕೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚೇ ಬೇಕು. ಕಳ್ಳ ಪೊಲೀಸರನ್ನು ಕಂಡರೆ ಓಡಲು ನೋಡುತ್ತಾನೆ. ತನ್ನದೇ ಮನೆಯಲ್ಲಿ ಕುಡಿದು ನಿಂತವನಿಗೆ ಓಡುವ ಯೋಚನೆಯೇ ಬರುವುದಿಲ್ಲ.

ಬಾಗಿಲಿಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ಸರಿದು, ಒಳಗಿನ ಮಾತಿಗೆ ಕ್ಷಣಕಾಲ ಕಿವಿಗೊಟ್ಟು, ಆಮೇಲೆ ಬಾಗಿಲು ಬಡಿಯಲಿ. ಒಬ್ಬನೇ ಒಳಹೋಗುವುದು ಬೇಡ. ದಂಪತಿಯನ್ನು ಬೇರೆಬೇರೆಯಾಗಿ ಮಾತನಾಡಿಸುವಾಗಲೂ ಜೊತೆಗಾರ ಕಣ್ಣಿಗೆ ಕಾಣುವಂತಿರಬೇಕು. ಅಡುಗೆಮನೆಯಲ್ಲಂತೂ ಮಾತುಕತೆ ಕೂಡದು. ಈಳಿಗೆಮಣೆ, ಕುಡುಗೋಲು, ಒಲೆಯ ಮೇಲೆ ಕುದಿಯುತ್ತಿರುವ ಎಸರು, ಎಲ್ಲವೂ ಅಲ್ಲಿ ಕೈಗೆಟಕುವಂತಿರುತ್ತವೆ. (ಓಬವ್ವನ ಊರಿನವರಿಗೆ ಒನಕೆಯ ವಿಷಯ ನಾನು ಹೇಳಬೇಕಿಲ್ಲ.) ಗಂಡನ ತೋಳು ಹಿಡಿದ ಗಳಿಗೆಯಲ್ಲಿ, ಕರೆ ಮಾಡಿದ ಹೆಂಡತಿಯೇ ನಡುವೆ ಬಂದು ಎಳೆದಾಡುವುದುಂಟು, ನಾಳೆಯೂ ಅದೇ ಮನೆಯಲ್ಲಿ ಬಾಳಬೇಕಾದವಳ ಭಯ ಅದು, ಆಕೆಯ ಮೇಲೆ ರೇಗಬಾರದು.

2005ರ ಕೌಟುಂಬಿಕ ಹಿಂಸಾಚಾರ ಕಾಯ್ದೆಯ 5ನೇ ಸೆಕ್ಷನ್ನಿನಂತೆ, ಸಂರಕ್ಷಣಾಧಿಕಾರಿಯ (ನೊಂದ ಹೆಣ್ಣಿನ ನೆರವಿಗೆಂದು ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಅಧಿಕಾರಿ) ನೆರವು ಮತ್ತು ಉಚಿತ ಕಾನೂನು ಸೇವೆಯ ಬಗ್ಗೆ ಆಕೆಗೆ ತಿಳಿಸುವುದು ಪೊಲೀಸರ ಕರ್ತವ್ಯ. ಅದನ್ನು ಗಂಡನ ಎದುರಿಗೆ ಹೇಳಿ ಅವನನ್ನು ಕೆರಳಿಸದೆ, ಆಕೆಯೊಬ್ಬಳಿಗೇ ಮೆಲ್ಲಗೆ ಹೇಳಲಿ.