ಗುಬ್ಬಚ್ಚಿ ಗೂಡಿಗೆ ಒಂದೂಕಾಲು ಇಂಚಿನ ತೂತು ಸಾಕು

ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ಅವತ್ತು ಊರೂರಲ್ಲಿ ಮರದ ಗೂಡು ಹಂಚುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಪ್ರಶ್ನೆಗಳು ನನ್ನ ಮುಂದೆ ಬಂದು ಬೀಳುತ್ತವೆ. ಈ ಸಲ ಎಲ್ಲಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಚೆಂದದ ಬಣ್ಣ ಹಚ್ಚಿದ ಮರದ ಗೂಡು ತರಿಸಿ ಬಾಲ್ಕನಿಯಲ್ಲಿ ತೂಗುಹಾಕಿ ಒಂದು ವರ್ಷವಾಯಿತು. ಒಳಗೆ ಅಕ್ಕಿ, ರಾಗಿ ಕೂಡ ಇಟ್ಟಿದ್ದೇನೆ. ಒಂದು ಗುಬ್ಬಚ್ಚಿಯೂ ಬಂದಿಲ್ಲ. ನಾನೇ ಮಾಡಿಸುವುದಾದರೆ ಅಳತೆ ಏನು?

ನೀವು ಕಳಿಸಿದ ಫೋಟೋ ನೋಡಿದೆ. ಹಕ್ಕಿ ಬರದೇ ಇದ್ದದ್ದೇ ಒಳ್ಳೆಯದಾಯಿತು. ಆ ಪೆಟ್ಟಿಗೆಯಲ್ಲಿ ಮರಿ ಉಳಿಯುವುದು ಕಷ್ಟ.

ಮೊದಲು ಬಾಗಿಲು ನೋಡಿ. ಎರಡೂವರೆ ಇಂಚಿನ ತೂತಿಗೆ ಗೊರವಂಕ ನುಗ್ಗುತ್ತದೆ, ಗುಬ್ಬಚ್ಚಿಯನ್ನು ಓಡಿಸುತ್ತದೆ. ಗುಬ್ಬಚ್ಚಿಗೆ ಒಂದೂಕಾಲು ಇಂಚು, ಅಂದರೆ 32 ಮಿಲಿಮೀಟರ್ ಸಾಕು. ಬೀರು ಬಾಗಿಲಿನ ಹಿಂಜಿಗೆ ಬಡಗಿಗಳು ಬಳಸುವ 35 ಮಿಲಿಮೀಟರಿನ ಬಿಟ್ ಆದರೂ ನಡೆಯುತ್ತದೆ. ಅದಕ್ಕಿಂತ ದೊಡ್ಡದು ಬೇಡ. ತೂತಿನ ಕೆಳಗೆ ಹೊಡೆದಿರುವ ಆ ಕಡ್ಡಿಯನ್ನು ಕಿತ್ತು ಬಿಸಾಕಿ. ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳು ಉಗುರಿನಲ್ಲಿ ಮರ ಕಚ್ಚಿ ಹಿಡಿದು ಒಳಗೆ ಹೋಗುತ್ತವೆ. ಕಡ್ಡಿಯಿಂದ ಅನುಕೂಲ ಆಗುವುದು ಕಾಗೆಗೆ. ಅದರ ಮೇಲೆ ಕೂತು ಕೊಕ್ಕು ಹಾಕಿ ಮರಿ ಎಳೆಯಲು ಒಳ್ಳೆ ಜಾಗ.

ಆಮೇಲೆ ಬಿಸಿಲು. ನಮ್ಮಲ್ಲಿ ಇದನ್ನು ಯಾರೂ ಯೋಚಿಸುವುದೇ ಇಲ್ಲ. ಚಳಿದೇಶದ ಪೆಟ್ಟಿಗೆಯ ಚಿತ್ರ ನೋಡಿ ಇಲ್ಲಿ ಹಾಗೇ ಮಾಡಿ ಮಾರುತ್ತಾರೆ. ತೆಳು ಪ್ಲೈವುಡ್, ಗಾಢ ವಾರ್ನಿಷ್, ಮೇಲೆ ತಗಡು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೇ 40 ಡಿಗ್ರಿ ದಾಟುತ್ತದೆ. ಪೆಟ್ಟಿಗೆಯೊಳಗೆ ಅದಕ್ಕಿಂತಲೂ ಜಾಸ್ತಿ. ತಾಯಿ ಹಾರಿ ಹೋಗಬಹುದು, ರೆಕ್ಕೆ ಬಲಿಯದ ಮರಿ ಎಲ್ಲಿ ಹೋಗಬೇಕು? ಇಂಥ ಪೆಟ್ಟಿಗೆಗಳಲ್ಲಿ ಬೆಂದು ಸತ್ತ ಮರಿಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಈ ವ್ಯಾಪಾರದ ಮೇಲೆ ನನಗೆ ಕೋಪ.

ಮುಕ್ಕಾಲು ಇಂಚು ದಪ್ಪದ ಗಟ್ಟಿ ಹಲಗೆ ತಗೊಳ್ಳಿ. ಹಲಸು, ಸಿಲ್ವರ್ ಓಕ್, ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಸಾಮಿಲ್ಲಿನಲ್ಲಿ ಉಳಿದ ತೇಗದ ತುಂಡು, ಯಾವುದಾದರೂ ಆದೀತು. ಒಳಗಿನ ನೆಲ 5 ಇಂಚು ಚೌಕ. ಮುಂದೆ 8 ಇಂಚು, ಹಿಂದೆ 10 ಇಂಚು ಎತ್ತರ. ಆಗ ಮೇಲಿನ ಮಾಡು ತಾನಾಗಿ ಇಳಿಜಾರಾಗುತ್ತದೆ. ಅದು ಮುಂದಕ್ಕೆ 2 ಇಂಚು ಚಾಚಿಕೊಂಡಿರಲಿ. ತೂತಿನ ಕೆಳ ಅಂಚು ನೆಲದಿಂದ 5 ಇಂಚು ಮೇಲಿರಬೇಕು. ಇಷ್ಟು ಆಳವಿದ್ದರೆ ಬೆಕ್ಕಿನ ಕೈಗೆ, ಕಾಗೆಯ ಕೊಕ್ಕಿಗೆ ಮರಿ ಸುಲಭವಾಗಿ ಎಟುಕುವುದಿಲ್ಲ. ಮಾಡಿನ ಕೆಳಗೆ ಎರಡೂ ಬದಿ ಗಾಳಿಗೆ ಕಾಲು ಇಂಚು ಸಂದು ಬಿಡಿ. ನೆಲದ ನಾಲ್ಕು ಮೂಲೆಗೂ ನೀರಿಳಿಯಲು ಸಣ್ಣ ತೂತು ಹಾಕಿ. ಒಳಮೈಗೆ ಕೀಸುಳಿ ಹಾಕಿಸಲೇಬೇಡಿ. ಹಲಗೆ ಒರಟಾಗಿದ್ದರೆ ಮರಿ ಅದನ್ನೇ ಹಿಡಿದು ಬಾಗಿಲವರೆಗೆ ಹತ್ತುತ್ತದೆ. ಒಂದು ಪಕ್ಕದ ಹಲಗೆಗೆ ಹಿಂಜು ಇರಲಿ, ತೊಳೆಯಲು ಬೇಕಾಗುತ್ತದೆ.

ಒಳಗೆ ಬಣ್ಣ ಬೇಡ. ಗೆದ್ದಲಿನ ಔಷಧ ಬೇಡ. ಹಳೇ ಎಂಜಿನ್ ಆಯಿಲ್ ಬಳಿಯಿರಿ ಎಂದು ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ಮೂರು ಜನ ಬರೆದಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಅದು ವಿಷ.

ಪೆಟ್ಟಿಗೆಯನ್ನು ತೂಗುಹಾಕಬಾರದು. ಕಿಟಕಿಯ ಮೇಲಿನ ಸಜ್ಜದ ಕೆಳಗೆ, 8ರಿಂದ 10 ಅಡಿ ಎತ್ತರದಲ್ಲಿ, ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ. ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲು ಬಡಿಯುತ್ತದೆ. ಮಲೆನಾಡು, ಕರಾವಳಿಯಲ್ಲಿ ಮುಂಗಾರಿನ ಎರಚಲೂ ಅದೇ ಕಡೆಯಿಂದ. ಫ್ಯಾನ್ ತಿರುಗುವ ಕೋಣೆಯೊಳಗೆ ಮಾತ್ರ ಯಾವತ್ತೂ ಇಡಬೇಡಿ.

ಅಕ್ಕಿ, ರಾಗಿ ಇವತ್ತೇ ತೆಗೆಯಿರಿ. ಕಾಳಿಟ್ಟ ಗೂಡಿಗೆ ಮೊದಲು ಬರುವುದು ಇರುವೆ, ಆಮೇಲೆ ಇಲಿ. ಗುಬ್ಬಚ್ಚಿ ಕಾಳು ತಿನ್ನುತ್ತದೆ ನಿಜ, ಆದರೆ ಮರಿಗೆ ಮೊದಮೊದಲು ಕೊಡುವುದು ಹುಳುವನ್ನು. ಹಿಂದೆ ಹೆಂಚಿನ ಸಂದು, ತೊಲೆಯ ಮೂಲೆ, ಗೋಡೆಯ ಫೋಟೋದ ಹಿಂದೆ ಅವಕ್ಕೆ ಜಾಗ ಇತ್ತು, ಹಿತ್ತಲಲ್ಲಿ ಹುಳುವೂ ಇತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ ಎರಡೂ ಇಲ್ಲ. ಪೆಟ್ಟಿಗೆಯಿಂದ ಜಾಗ ಸಿಗಬಹುದು, ಹುಳು ಎಲ್ಲಿಂದ ಬರಬೇಕು? ಒಂದು ನುಗ್ಗೆ, ಒಂದಿಷ್ಟು ದಾಸವಾಳ, ಪೊದೆಯಾಗಿ ಬೆಳೆಯುವ ಬೇಲಿ ಗಿಡ ಇರಲಿ. ಕೀಟನಾಶಕ ಹೊಡೆಯುವುದನ್ನು ಬಿಡಿ. ಮಣ್ಣಿನಲ್ಲಿ ಹೊರಳಾಡಲು ಒಂದು ಮೂಲೆಯನ್ನು ಸಿಮೆಂಟ್ ಹಾಕದೆ ಬಿಡಿ. ಸುತ್ತಮುತ್ತ ಗುಬ್ಬಚ್ಚಿಯೇ ಇಲ್ಲದ ಬಡಾವಣೆಯಾದರೆ ಎಂಥ ಪೆಟ್ಟಿಗೆ ಇಟ್ಟರೂ ಖಾಲಿಯೇ ಇರುತ್ತದೆ. ಇದನ್ನು ನಿಮಗೆ ಮಾರಿದವರು ಹೇಳಿರುವುದಿಲ್ಲ, ಅಲ್ವಾ?

ಪ್ರಶ್ನೆ: ಗೂಡಿನೊಳಗೆ ಹತ್ತಿ, ನೂಲು ಹಾಕಿಡಬೇಕಾ?

ಬೇಡ. ನೂಲು ಮರಿಯ ಕಾಲಿಗೆ ಸುತ್ತಿಕೊಂಡು ಕಾಲೇ ಹೋಗುತ್ತದೆ. ಹುಲ್ಲು, ನಾರು ಅವೇ ತಂದುಕೊಳ್ಳುತ್ತವೆ.

ಪ್ರಶ್ನೆ: ವಾಸ್ತು ಪ್ರಕಾರ ಯಾವ ದಿಕ್ಕು ಶುಭ?

ಬಿಸಿಲು, ಮಳೆ ಬಡಿಯದ ದಿಕ್ಕು. ಜಾಸ್ತಿ ಬೆಲೆಗೆ ‘ವಾಸ್ತು ಗೂಡು’ ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಮೊಬೈಲ್ ಟವರ್‌ನಿಂದಲೇ ಗುಬ್ಬಚ್ಚಿ ನಾಶವಾಯಿತಂತೆ?

ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿ ಪ್ರಕಾರ ಒಟ್ಟು ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಇದೆ. ಇಳಿದಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಟವರ್ ಬೈದುಕೊಂಡು ಕೂತರೆ ಹಿತ್ತಲಿಗೆ ಸಿಮೆಂಟ್ ಸುರಿದದ್ದು ಮರೆತುಹೋಗುತ್ತದೆ.

ಪ್ರಶ್ನೆ: ಸೂರಕ್ಕಿ, ಪಿಕಳಾರ, ಕೋಗಿಲೆಗೆ ಯಾವ ಅಳತೆಯ ಪೆಟ್ಟಿಗೆ?

ಯಾವುದೂ ಬೇಡ. ಮೊದಲೆರಡು ಗಿಡದಲ್ಲಿ ಗೂಡು ಕಟ್ಟುತ್ತವೆ, ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮಡಿವಾಳ ಹಕ್ಕಿ ಬೇಕಿದ್ದರೆ 2 ಇಂಚಿನ ತೂತಿನ, ಇನ್ನೂ ಸ್ವಲ್ಪ ದೊಡ್ಡ ಪೆಟ್ಟಿಗೆ ಮಾಡಿಸಿ. ಅದಕ್ಕೆ ಗೊರವಂಕವೂ ಬರಬಹುದು, ಬಂದರೆ ಓಡಿಸಬೇಡಿ.

ಪ್ರಶ್ನೆ: ಗಿಳಿ ಬಂದು ಮರಿ ಮಾಡಿದರೆ ಒಂದನ್ನು ಸಾಕಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ಮರಿ ಕೆಳಗೆ ಬಿದ್ದರೆ? ಮುಟ್ಟಿದರೆ ತಾಯಿ ಸೇರಿಸುವುದಿಲ್ಲವಂತೆ.

ಈ ಮಾತು ನಂಬಿಯೇ ಎಷ್ಟೋ ಮರಿಗಳನ್ನು ಬೆಕ್ಕಿಗೆ ಬಿಟ್ಟುಬಿಡುತ್ತಾರೆ. ಪುಕ್ಕ ಬಂದಿಲ್ಲವಾದರೆ ಮೆಲ್ಲಗೆ ಎತ್ತಿ ಗೂಡಿಗೇ ಹಾಕಿ, ತಾಯಿ ಸೇರಿಸಿಕೊಳ್ಳುತ್ತದೆ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಹಾರಲು ಕಲಿಯುತ್ತಿದೆ ಎಂದರ್ಥ. ಹತ್ತಿರದ ಪೊದೆಯ ಮೇಲೆ ಕೂರಿಸಿ, ಬೆಕ್ಕನ್ನು ಒಳಗೆ ಕೂಡಿಹಾಕಿ, ದೂರ ಹೋಗಿ ನಿಲ್ಲಿ. ಹಾಲು, ಅನ್ನ ತಿನ್ನಿಸಲು ಹೋಗಬೇಡಿ.